ಗಂಟು ರೋಗದ ಜೀವಿ ಯಾವ ಕುಲದ್ದು?

ರೇಷ್ಮೆ ಹುಳುವಿನ ಗಂಟು ರೋಗವನ್ನು ನಮ್ಮ ಎಷ್ಟೋ ಕೈಪಿಡಿಗಳು ಇಂದಿಗೂ ಪ್ರೋಟೋಜೋವಗಳಿಂದ, ಎಂದರೆ ಆದಿಪ್ರಾಣಿಗಳಿಂದ, ಬರುವ ರೋಗವೆಂದೇ ವರ್ಣಿಸುತ್ತವೆ. ಈ ಮಾತನ್ನು ತಿದ್ದಬೇಕಾದ ಕಾಲ ಬಂದು ಬಹು ದಿನಗಳಾದುವು.

ರೋಗಕಾರಕವಾದ ನೊಸೀಮಾ ಬಾಂಬಿಸಿಸ್ ಏಕಕೋಶದ ಪರೋಪಜೀವಿ. ಅದರ ಬೀಜಾಣು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಉದ್ದದ, ಮೊಟ್ಟೆಯಾಕಾರದ ಕಣ. ಅದರೊಳಗೆ ಸುರುಳಿ ಸುತ್ತಿದ ನಾಳವೊಂದುಂಟು. ಹುಳುವು ಸೊಪ್ಪಿನೊಡನೆ ಬೀಜಾಣುವನ್ನು ನುಂಗಿದರೆ ಆ ನಾಳವು ಕರುಳಿನಲ್ಲಿ ಚಿಮ್ಮಿ ಹೊರಬಂದು ಜೀವಕೋಶವನ್ನು ಚುಚ್ಚುತ್ತದೆ. ಪರೋಪಜೀವಿಯ ಜೀವರಸವೆಲ್ಲ ಅದರ ಮೂಲಕ ಒಳಗೆ ಹರಿಯುತ್ತದೆ.

1857ರಲ್ಲಿ ಇದಕ್ಕೆ ಹೆಸರಿಟ್ಟ ನೇಗೆಲಿಯು ಇದನ್ನು ಬೂಷ್ಟಿನ ಜಾತಿಗೆ ಸೇರಿಸಿದ್ದನು. 1882ರಲ್ಲಿ ಬಾಲ್ಬಿಯಾನಿಯು ಮೈಕ್ರೊಸ್ಪೊರಿಡಿಯವೆಂಬ ಹೊಸ ಗುಂಪು ಮಾಡಿ, ಮಲೇರಿಯಾ ಜೀವಿಯ ಬಳಗದಲ್ಲಿ ಕೂರಿಸಿದನು. ಬಳಿಕ, ಇದರಲ್ಲಿ ಮೈಟೊಕಾಂಡ್ರಿಯಗಳು ಕಾಣದಿರಲು, ಅವು ಹುಟ್ಟುವ ಮುನ್ನಿನ ಅತಿಪ್ರಾಚೀನ ಜೀವಿಯಿದೆಂದು 1983ರಲ್ಲಿ ವಾದ ಹೊರಟಿತು. ಮನೆಯಲ್ಲಿ ಪಾತ್ರೆಗಳಿಲ್ಲವೆಂದ ಮಾತ್ರಕ್ಕೆ ಆ ಮನೆಯವರು ಪಾತ್ರೆ ಕಂಡವರೇ ಅಲ್ಲವೆನ್ನಲಾದೀತೆ? ಮಾರಿಕೊಂಡಿರಲೂಬಹುದು. ಆದದ್ದೂ ಅದೇ. 2002ರಲ್ಲಿ ಈ ಗುಂಪಿನ ಜೀವಿಯೊಂದರಲ್ಲಿ ಮೈಟೊಕಾಂಡ್ರಿಯದ ಕುಗ್ಗಿದ ಅವಶೇಷವೇ ದೊರೆಯಿತು. ಅದಕ್ಕೂ ಮುನ್ನ, 1990ರ ದಶಕದಲ್ಲಿಯೇ, ಜೀನುಗಳ ಹೋಲಿಕೆಯು ಶಿಲೀಂಧ್ರಗಳ ನಂಟನ್ನು ತೋರಿಸಿತ್ತು. ಬೀಜಾಣುವಿನ ಗೋಡೆಯಲ್ಲಿ, ಶಿಲೀಂಧ್ರಗಳಲ್ಲಿರುವಂತೆ, ಕೈಟಿನ್ ಕೂಡ ಇದೆ. ಇವು ಶಿಲೀಂಧ್ರಗಳ ಮನೆಯೊಳಗಿನವೋ ಹೊಸ್ತಿಲಿನ ಹೊರಗಿನವೋ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಹೆಸರು ಯಾವುದಾದರೆ ರೈತನಿಗೇನೆಂದು ವಾಚಕರು ಕೇಳಬಹುದು. ಮದ್ದನ್ನು ಎಲ್ಲಿ ಹುಡುಕಬೇಕೆಂಬುದು ಕುಲವನ್ನು ಅವಲಂಬಿಸಿದೆ. ಮನುಷ್ಯರಿಗೆ ತಗಲುವ ಕೆಲವು ಮೈಕ್ರೊಸ್ಪೊರಿಡಿಯಗಳಿಗೆ ಆಲ್ಬೆಂಡಜೋಲ್ ಎಂಬ ಔಷಧ ನಾಟುತ್ತದೆ. ಅದು ಹಿಡಿಯುವುದು ಟ್ಯೂಬುಲಿನ್ ಎಂಬ ಪ್ರೋಟೀನನ್ನು. ಹೊಲದಲ್ಲಿ ಬೂಷ್ಟಿಗೆ ಸಿಂಪಡಿಸುವ ಕಾರ್ಬೆಂಡಜಿಮ್ ಸಹ ಹಿಡಿಯುವುದು ಅದನ್ನೇ. ಮಲೇರಿಯಾದ ನೆಂಟನೆಂದು ನಂಬಿದವನಿಗೆ ಈ ದಾರಿ ಹೊಳೆಯುವುದು ಕಷ್ಟ.

ಆದುದರಿಂದ ಮುಂದಿನ ಕೈಪಿಡಿಗಳಲ್ಲಿ ಗಂಟು ರೋಗವನ್ನು ಸುಣ್ಣಕಟ್ಟು ರೋಗದ ಪಕ್ಕದಲ್ಲಿ ಅಚ್ಚು ಮಾಡಲಿ. ಸುಣ್ಣಕಟ್ಟು ನಿಸ್ಸಂದೇಹವಾಗಿ ಶಿಲೀಂಧ್ರದ್ದು. ಚರ್ಚೆಯ ವಿಷಯವನ್ನೂ ಎರಡು ಸಾಲಿನಲ್ಲಿ ತಿಳಿಸಲಿ. ಈ ರೋಗ ತಾಯಿಯಿಂದ ಮೊಟ್ಟೆಗೇ ಇಳಿಯುವುದರಿಂದ, ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಬೀಜಾಣು ಕಂಡರೆ ಮೊಟ್ಟೆಗಳನ್ನು ಸುಡಬೇಕೆಂದು 1860ರ ದಶಕದಲ್ಲಿ ಪಾಶ್ಚರನು ಹಾಕಿಕೊಟ್ಟ ಕ್ರಮವೇನೋ ಬಿತ್ತನೆ ಕೋಠಿಗಳಲ್ಲಿ ಹಾಗೆಯೇ ನಡೆಯಬೇಕು. ಅವನು ಆ ಕ್ರಮವನ್ನು ರೂಪಿಸುವಾಗ ಬಾಲ್ಬಿಯಾನಿಯ ವರ್ಗೀಕರಣ ಇನ್ನೂ ಹುಟ್ಟಿಯೇ ಇರಲಿಲ್ಲ.