ಗೃಹೋಪಯೋಗಿ ವಿಚಾರ: ಬೆನ್ನ ಹಿಂದಣ ಕಣ್ಣು

ಮುಂದೆ ನಡೆಯುವವನಿಗೆ ಎರಡು ಕಣ್ಣುಗಳು ಸಾಕು. ಹಿಂದಕ್ಕೆ ಸರಿಯುವವನಿಗೆ ಅವು ಸಾಲವು. ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರನ್ನು ಕಣದೊಳಕ್ಕೆ ಹಿಮ್ಮುಖವಾಗಿ ತರುವವನ ಪಾಡನ್ನು ಕಂಡವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅವನು ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಹಿಂಭಾಗವು ಎಡಕ್ಕೆ ಓಡುವುದು. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಆಗ ಒಬ್ಬನು ಹಿಂದೆ ನಿಂತು, "ಬರಲಿ, ಬರಲಿ, ಹೋಲ್ಡಾನ್!" ಎಂದು ಕೂಗದಿದ್ದರೆ ಗೋಡೆಗೋ ಬಣವೆಗೋ ಪೆಟ್ಟು ತಪ್ಪಿದ್ದಲ್ಲ. ಈ ಕೂಗುವವನ ಕೆಲಸವನ್ನು ಯಂತ್ರವೊಂದು ಎಷ್ಟರಮಟ್ಟಿಗೆ ಮಾಡಬಲ್ಲುದು, ಅಂತಹ ಯಂತ್ರವನ್ನು ಕೊಳ್ಳುವಾಗ ಏನೇನನ್ನು ನೋಡತಕ್ಕದ್ದು ಎಂಬುದೇ ಈ ತಿಂಗಳ ನಮ್ಮ ವಿಚಾರ.

ವಿಷಯವು ಮುಖ್ಯವಾಗಿ ಅಮೆರಿಕಾ ದೇಶಕ್ಕೆ ಸೇರಿದುದು. ಅಲ್ಲಿನ ಗೃಹಸ್ಥರು ಬೇಸಗೆಯ ರಜೆಯಲ್ಲಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಸಂಚಾರ ಹೊರಡುವುದುಂಟು. ಮಂಚ, ಒಲೆ, ಬಚ್ಚಲು ಎಲ್ಲವೂ ಅಡಕವಾಗಿರುವ ಈ ಪ್ರವಾಸದ ಟ್ರೈಲರು ಎಂಟೂವರೆ ಅಡಿಗಳವರೆಗೆ ಅಗಲವಾಗಿರಬಹುದು. ಉದ್ದವು ೨೦ ಅಡಿಯಿಂದ ೩೦ ಅಡಿಯನ್ನು ಮೀರುವವರೆಗೂ ಇರುವುದು. ಮುಂದೆ ಎಳೆಯುವ ಪಿಕಪ್ ಟ್ರಕ್ಕನ್ನೂ ಕೂಡಿಸಿದರೆ ಐವತ್ತು ಅಡಿಗಳ ಮೆರವಣಿಗೆಯಾಯಿತು. ಕ್ಯಾಲಿಫೋರ್ನಿಯಾ ಮೊದಲಾದ ಕಡೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಸಂಸಾರಗಳಲ್ಲಿಯೂ ಇಂತಹ ಗಾಡಿಯನ್ನು ಕೊಳ್ಳುವವರೂ ಬಾಡಿಗೆಗೆ ಹಿಡಿಯುವವರೂ ಇದ್ದಾರೆ. ಬೇಸಗೆಯಲ್ಲಿ ಊರಿನಿಂದ ಹೋದ ತಾಯಿತಂದೆಗಳೂ ಎಳೆಯ ಮಕ್ಕಳೂ ಅದೇ ಸಂಚಾರದಲ್ಲಿ ಕೂಡಿಕೊಳ್ಳುವರು. ಆದಕಾರಣ ಈ ವಿಚಾರವು ನಮ್ಮ ವಾಚಕರಿಗೆ ತೀರ ಹೊರಗಿನದಲ್ಲ.

ಟ್ರೈಲರನ್ನು ಕಟ್ಟಿದ ಕ್ಷಣದಿಂದ ಗಾಡಿಯೊಳಗಿನ ಕನ್ನಡಿಯು ನಿಷ್ಪ್ರಯೋಜಕವಾಗುವುದು. ಅದರಲ್ಲಿ ಟ್ರೈಲರಿನ ಮುಂಗೋಡೆಯಲ್ಲದೆ ಮತ್ತೇನೂ ಕಾಣದು. ಟ್ರಕ್ಕಿಗೇ ಹಿನ್ನೋಟದ ಕ್ಯಾಮೆರಾ ಇದೆಯಲ್ಲವೇ ಎಂದು ಕೆಲವರು ಕೇಳುವರು. ಹತ್ತು ಸಾವಿರ ಪೌಂಡಿಗಿಂತ ಕಡಿಮೆ ತೂಕದ ಹೊಸ ಮೋಟಾರುಗಳೆಲ್ಲಕ್ಕೂ ೨೦೧೮ನೆಯ ಮೇ ತಿಂಗಳಿನಿಂದ ಅಂತಹ ಕ್ಯಾಮೆರಾ ಇರಲೇಬೇಕೆಂದು ಅಮೆರಿಕಾ ಸರಕಾರವು ವಿಧಿಸಿರುವುದು ನಿಜ. ಆದರೆ ಟ್ರೈಲರನ್ನು ಕಟ್ಟಿದ ಮೇಲೆ ಆ ಕ್ಯಾಮೆರಾ ನೋಡುವುದು ಕೊಂಡಿಯನ್ನು ಮಾತ್ರ. ಕೊಂಡಿಗೆ ಗುಂಡನ್ನು ಕೂಡಿಸುವಾಗ ಅದು ಬಹಳ ಉಪಕಾರಿ. ಟ್ರೈಲರಿನ ಬೆನ್ನ ಹಿಂದೆ ಯಾರಿದ್ದಾರೆಂಬುದನ್ನು ತಿಳಿಸಲು ಅದಕ್ಕೆ ಸಾಧ್ಯವಿಲ್ಲ.

ಸರಕಾರವು ಈ ವಿಧಿಯನ್ನು ಏಕೆ ಮಾಡಿತೆಂಬುದನ್ನು ಗೃಹಸ್ಥರು ತಿಳಿದಿರಬೇಕು. ಹಿಂದಕ್ಕೆ ಸರಿಯುವ ವಾಹನಗಳಿಗೆ ಸಿಕ್ಕಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ ೨೧೦ ಮಂದಿ ಸಾಯುತ್ತಿದ್ದರೆಂದೂ, ಸುಮಾರು ೧೫,೦೦೦ ಮಂದಿ ಗಾಯಗೊಳ್ಳುತ್ತಿದ್ದರೆಂದೂ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಯು ೨೦೧೪ರಲ್ಲಿ ನಿಯಮವನ್ನು ಪ್ರಕಟಿಸುವಾಗ ತಿಳಿಸಿತು. ಇದು ಹಗುರವಾದ ಮೋಟಾರುಗಳ ಲೆಕ್ಕ. ಸತ್ತವರಲ್ಲಿ ನೂರಕ್ಕೆ ೩೧ ಮಂದಿ ಐದು ವರ್ಷ ತುಂಬದ ಮಕ್ಕಳು. ನೂರಕ್ಕೆ ೨೬ ಮಂದಿ ಎಪ್ಪತ್ತು ದಾಟಿದ ವೃದ್ಧರು. ಎಂದರೆ ಮನೆಯ ಮೊಮ್ಮಗು ಮತ್ತು ಮನೆಯ ಅಜ್ಜಿ. ಒಂದಕ್ಕೆ ಅಪಾಯದ ಅರಿವಿಲ್ಲ. ಮತ್ತೊಬ್ಬರಿಗೆ ಬೇಗನೆ ಸರಿಯುವ ಶಕ್ತಿಯಿಲ್ಲ. ಈ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕ್ಯಾಮೆರಾವನ್ನು ಆರಿಸತಕ್ಕದ್ದು.

ಟ್ರೈಲರಿನ ಹಿಂಗೋಡೆಯಿಂದ ಚಾಲಕನವರೆಗೆ ತಂತಿಯನ್ನೆಳೆಯುವುದು ಶ್ರಮದ ಕೆಲಸ. ಟ್ರೈಲರನ್ನು ಬಿಚ್ಚಿ ಕಟ್ಟುವಾಗಲೆಲ್ಲ ಆ ತಂತಿಯನ್ನೂ ಬಿಚ್ಚಿ ಕಟ್ಟಬೇಕು. ಆದುದರಿಂದ ಹೆಚ್ಚಿನವರು ನಿಸ್ತಂತು ಕ್ಯಾಮೆರಾವನ್ನು ಬಯಸುವರು. ಮಾರಾಟಗಾರರ ಜಾಹೀರಾತುಗಳು ಚಿತ್ರದ ಸೂಕ್ಷ್ಮತೆಯನ್ನೂ ತೆರೆಯ ಅಗಲವನ್ನೂ ಎಷ್ಟು ನೂರು ಅಡಿ ದೂರಕ್ಕೆ ಚಿತ್ರವು ಮುಟ್ಟುವುದೆಂಬುದನ್ನೂ ದೊಡ್ಡ ಅಕ್ಷರಗಳಲ್ಲಿ ಸಾರುವುವು. ಇವೆಲ್ಲ ಬೇಕಾದ ಗುಣಗಳೇ. ಆದರೆ ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯು ಬೇರೆ: ಸಂಕೇತವು ತಪ್ಪಿದಾಗ ಈ ಕ್ಯಾಮೆರಾ ಏನು ಮಾಡುತ್ತದೆ? ತೆರೆಯು ಕಪ್ಪಾಗುತ್ತದೆಯೇ, ಅಥವಾ ಕಡೆಯ ಚಿತ್ರವನ್ನೇ ಹಿಡಿದುಕೊಂಡು ನಿಲ್ಲುತ್ತದೆಯೇ?

ಕಪ್ಪಾದ ತೆರೆಯು ಪ್ರಾಮಾಣಿಕವಾದುದು. "ನನಗೆ ಕಾಣುತ್ತಿಲ್ಲ" ಎಂದು ಅದು ಒಪ್ಪಿಕೊಳ್ಳುವುದು. ಚಾಲಕನು ಗಾಡಿಯನ್ನು ನಿಲ್ಲಿಸುವನು. ನಿಂತುಹೋದ ಚಿತ್ರವಾದರೋ ಸುಳ್ಳು ಸಾಕ್ಷಿ. ಹಿಂದೆ ಬರಿಯ ಹುಲ್ಲು ಕಾಣುತ್ತಿರುವುದು. ಆ ಹುಲ್ಲು ಮೂರು ಸೆಕೆಂಡು ಹಿಂದಿನದು. ಆ ಮೂರು ಸೆಕೆಂಡುಗಳಲ್ಲಿ ಮಗುವೊಂದು ಚೆಂಡನ್ನರಸುತ್ತ ಬಂದಿರಬಹುದು. ಗಾಡಿಯು ನಿಧಾನವಾಗಿ ಸರಿಯುವಾಗ ಚಿತ್ರವು ಚಲಿಸುತ್ತಿದೆಯೋ ಇಲ್ಲವೋ ಎಂಬುದು ಕೂಡಲೆ ತಿಳಿಯದು. ಆದಕಾರಣ ಸಂಕೇತವು ತಪ್ಪಿದೊಡನೆ ತೆರೆಯನ್ನು ಕಪ್ಪುಗೊಳಿಸಿ ಸೂಚನೆ ಕೊಡುವ ಯಂತ್ರವು, ಸುಂದರವಾದ ಚಿತ್ರವನ್ನು ತೋರಿಸಿ ನಡುವೆ ಮೋಸಮಾಡುವ ಯಂತ್ರಕ್ಕಿಂತ ನೂರುಪಾಲು ಮೇಲು.

ಸಂಕೇತವು ಏಕೆ ತಪ್ಪುವುದೆಂಬುದನ್ನು ಸ್ವಲ್ಪ ವಿವರಿಸುವೆವು. ಇಂತಹ ಕ್ಯಾಮೆರಾಗಳಲ್ಲಿ ಬಹುಪಾಲು ೨.೪ ಗಿಗಾಹರ್ಟ್ಸ್ ಎಂಬ ರೇಡಿಯೋ ಅಲೆಗಳಲ್ಲಿ ಮಾತನಾಡುವುವು. ಪರವಾನಗಿಯಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ಈ ಓಣಿಯಲ್ಲಿಯೇ ಮನೆಮನೆಯ ವೈಫೈ ಯಂತ್ರಗಳೂ ಓಡಾಡುತ್ತವೆ. ಮೈಕ್ರೋವೇವ್ ಒಲೆಯ ಗದ್ದಲವೂ ಇಲ್ಲಿಯೇ. ನೂರು ಟ್ರೈಲರುಗಳು ಬೀಡುಬಿಟ್ಟಿರುವ ಬಯಲಿನಲ್ಲಿ ಆ ಓಣಿಯು ಜಾತ್ರೆಯ ಬೀದಿಯಾಗಿರುವುದು. ಹಳೆಯ ಅನಲಾಗ್ ಮಾದರಿಯ ಕ್ಯಾಮೆರಾಗಳಲ್ಲಿ ಆಗ ಚಿತ್ರದ ಮೇಲೆ ಗೆರೆಗಳೂ ಚುಕ್ಕೆಗಳೂ ಸುರಿಯುವುವು. ನೆರೆಯವನ ಕ್ಯಾಮೆರಾದ ಚಿತ್ರವು ನಮ್ಮ ತೆರೆಯಲ್ಲಿ ಮೂಡುವುದೂ ಉಂಟು. ಡಿಜಿಟಲ್ ಮಾದರಿಯಲ್ಲಿ ಕ್ಯಾಮೆರಾ ಮತ್ತು ತೆರೆಗಳು ಒಂದನ್ನೊಂದು ಗುರುತು ಹಿಡಿದು ಜೋಡಿಯಾಗುವುದರಿಂದ ಪರರ ಚಿತ್ರವು ನುಸುಳದು. ಒಂದು ದಾರಿಯಲ್ಲಿ ಗದ್ದಲವಾದರೆ ಮತ್ತೊಂದಕ್ಕೆ ನೆಗೆಯುವ ಉಪಾಯವೂ ಹಲವಕ್ಕೆ ಉಂಟು. ಆದುದರಿಂದ ಡಿಜಿಟಲ್ ಮಾದರಿಯನ್ನೇ ಕೊಳ್ಳುವುದು ಯುಕ್ತ. ಆದರೆ ಚಿತ್ರವು ಗಕ್ಕನೆ ನಿಲ್ಲುವ ದೋಷವು ಹೆಚ್ಚಾಗಿ ಇದರದೇ ಎಂಬುದನ್ನು ಮರೆಯಬಾರದು.

ದೂರದ ವಿಚಾರವನ್ನೂ ಹೀಗೆಯೇ ತೂಗಿ ನೋಡಬೇಕು. ಪೆಟ್ಟಿಗೆಯ ಮೇಲೆ ಬರೆದಿರುವ ದೂರವು ಅಡ್ಡಿಯಿಲ್ಲದ ಬಯಲಿನ ಅಳತೆ. ಟ್ರೈಲರಿನಲ್ಲಾದರೋ ಹಿಂಗೋಡೆಯ ಕ್ಯಾಮೆರಾಕ್ಕೂ ಮುಂದಿನ ತೆರೆಗೂ ನಡುವೆ ಅಲ್ಯುಮಿನಿಯಮ್ ಹೊದಿಕೆ, ಶೀತಪೆಟ್ಟಿಗೆ, ನೀರಿನ ತೊಟ್ಟಿ, ಟ್ರಕ್ಕಿನ ಉಕ್ಕಿನ ಮೈ ಎಲ್ಲವೂ ಅಡ್ಡನಿಲ್ಲುವುವು. ಮೇಲಾಗಿ ಟ್ರೈಲರನ್ನು ತಂಗುದಾಣದೊಳಕ್ಕೆ ಓರೆಯಾಗಿ ಸರಿಸುವಾಗ ಟ್ರಕ್ಕು ಒಂದು ದಿಕ್ಕಿಗೂ ಟ್ರೈಲರು ಮತ್ತೊಂದು ದಿಕ್ಕಿಗೂ ಮುಖಮಾಡುವುದರಿಂದ ಅಲೆಗಳ ಹಾದಿಯು ಬದಲಾಗುವುದು. ನೆಟ್ಟಗಿನ ರಸ್ತೆಯಲ್ಲಿ ಚೆನ್ನಾಗಿದ್ದ ಚಿತ್ರವು ಅತ್ಯಂತ ಅವಶ್ಯವಾದ ಆ ಗಳಿಗೆಯಲ್ಲಿಯೇ ಕೈಕೊಡಲು ಇದೊಂದು ಕಾರಣ. ಉದ್ದವಾದ ಟ್ರೈಲರುಳ್ಳವರು ಆಂಟೆನಾವನ್ನು ತಂತಿಯ ಮೂಲಕ ಟ್ರೈಲರಿನ ಮುಂಭಾಗಕ್ಕೆ ತಂದುಕೊಳ್ಳುವ ಸೌಕರ್ಯವುಳ್ಳ ಮಾದರಿಯನ್ನು ಆರಿಸಿಕೊಳ್ಳುವುದು ಲೇಸು.

ಮುಂದಿನದು ಚಿತ್ರದ ತಡ. ಹಿಂದೆ ನಡೆದುದು ತೆರೆಯ ಮೇಲೆ ಮೂಡಲು ಕೊಂಚ ಕಾಲ ಹಿಡಿಯುವುದು. ಗಂಟೆಗೆ ಎರಡು ಮೈಲಿಯ ವೇಗದಲ್ಲಿ ಸರಿಯುವ ಗಾಡಿಯು ಸೆಕೆಂಡಿಗೆ ಸುಮಾರು ಮೂರು ಅಡಿ ಸಾಗುವುದು. ಅರ್ಧ ಸೆಕೆಂಡಿನ ತಡವೆಂದರೆ ಒಂದೂವರೆ ಅಡಿ. ನೀರಿನ ಕೊಳಾಯಿಯ ಕಂಬಕ್ಕೆ ಒಂದೂವರೆ ಅಡಿ ಇದೆಯೆಂದು ತೆರೆಯು ತೋರಿಸುವಾಗ ಟ್ರೈಲರು ಕಂಬವನ್ನು ಮುಟ್ಟಿಯೇ ಇರುವುದು. ಚಿತ್ರದ ಸೂಕ್ಷ್ಮತೆ ಒಂದು ಮಟ್ಟ ಕಡಿಮೆಯಾದರೂ ಚಿಂತೆಯಿಲ್ಲ, ತಡವು ಕಡಿಮೆಯಿರಲಿ. ವೈಫೈ ಮೂಲಕ ಕೈಫೋನಿಗೆ ಚಿತ್ರ ಕಳುಹಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಈ ತಡವನ್ನು ವಿಶೇಷವಾಗಿ ಪರೀಕ್ಷಿಸಬೇಕು. ನಡುವೆ ಫೋನಿಗೆ ಕರೆ ಬಂದರೆ ಚಿತ್ರವೇ ಮರೆಯಾಗಬಹುದು.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಲವರು ಟ್ರೈಲರಿನ ನೆತ್ತಿಯಲ್ಲಿರುವ ಕೆಂಪು ಗುರುತುದೀಪಗಳ ೧೨ ವೋಲ್ಟಿನ ತಂತಿಗೆ ಕ್ಯಾಮೆರಾವನ್ನು ಜೋಡಿಸುವರು. ಸುಲಭವಾದ ಉಪಾಯವೇ, ಆದರೆ ದೀಪ ಉರಿಯುವಾಗ ಮಾತ್ರ ಕ್ಯಾಮೆರಾ ಕೆಲಸಮಾಡುವುದು. ಹಗಲಿನಲ್ಲಿಯೂ ದೀಪ ಹಾಕಿಕೊಂಡೇ ನಡೆಸುವ ಅಭ್ಯಾಸವಿದ್ದರೆ ತೊಂದರೆಯಿಲ್ಲ. ಹೊರಳುವಾಗ ಮಾತ್ರವಲ್ಲದೆ ಹೆದ್ದಾರಿಯ ಮೇಲೂ ಹಿಂದಿನ ವಾಹನಗಳನ್ನು ನೋಡಬೇಕೆನ್ನುವವರು ಹಿಮ್ಮುಖದೀಪದ ತಂತಿಗೆ ಇದನ್ನು ಜೋಡಿಸಬಾರದು. ಬ್ಯಾಟರಿಯಿಂದ ನಡೆಯುವ ಕ್ಯಾಮೆರಾವು ಬಾಡಿಗೆಯ ಟ್ರೈಲರಿಗೆ ಅನುಕೂಲ. ಆದರೆ ಅಯಸ್ಕಾಂತದಿಂದ ಅಂಟುವ ಮಾದರಿಯು ಅಲ್ಯುಮಿನಿಯಮ್ ಅಥವಾ ಫೈಬರ್‌ಗ್ಲಾಸ್ ಗೋಡೆಗೆ ಅಂಟದೆಂಬುದನ್ನು ಕೊಳ್ಳುವ ಮೊದಲೇ ನೆನೆಯಬೇಕು.

ಕ್ಯಾಮೆರಾವನ್ನು ಎತ್ತರದಲ್ಲಿ, ನಡುಮಧ್ಯದಲ್ಲಿ, ತುಸು ಕೆಳಮುಖವಾಗಿ ಇಡುವುದು ವಾಡಿಕೆ. ತೆರೆಯ ಕೆಳಅಂಚಿನಲ್ಲಿ ಟ್ರೈಲರಿನ ಹಿಂದಣ ಬಂಪರು ಕಾಣುವಂತಿದ್ದರೆ ಅಳತೆಗೆ ಆಧಾರವಾಗುವುದು. ಬಹಳ ಅಗಲವಾದ ನೋಟವುಳ್ಳ ಗಾಜು ಹೆಚ್ಚು ನೆಲವನ್ನು ತೋರಿಸಿದರೂ ವಸ್ತುಗಳನ್ನು ಇರುವುದಕ್ಕಿಂತ ದೂರದಲ್ಲಿರುವಂತೆ ತೋರಿಸುವುದು. ಎಡಬಲಗಳು ಕನ್ನಡಿಯಲ್ಲಿರುವಂತೆ ಕಾಣುವ ಏರ್ಪಾಡು ಇರಲೇಬೇಕು. ನೀರಿನ ವಿಷಯದಲ್ಲಿ ಐಪಿ ೬೭ ಎಂಬ ಗುರುತಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದು ಅರ್ಥ. ಐಪಿ ೬೯ಕೆ ಎಂದಿದ್ದರೆ ರಭಸದ ಬಿಸಿನೀರಿನ ತೊಳೆತವನ್ನೂ ತಾಳುವುದು. ಗೋಡೆಗೆ ರಂಧ್ರ ಕೊರೆದಲ್ಲಿ ನೀರು ನುಗ್ಗದಂತೆ ಮೇಣವನ್ನು ತುಂಬಬೇಕು. ಇಲ್ಲವಾದರೆ ಒಳಗಿನ ಮರವು ಕಾಣದಂತೆ ಕೊಳೆಯುವುದು.

ಮೊಳೆ ಹೊಡೆಯುವ ಮುನ್ನ ಮನೆಯ ಅಂಗಳದಲ್ಲಿಯೇ ಪರೀಕ್ಷೆ ನಡೆಸತಕ್ಕದ್ದು. ಕ್ಯಾಮೆರಾವನ್ನು ಪಟ್ಟಿಯಿಂದ ತಾತ್ಕಾಲಿಕವಾಗಿ ಅಂಟಿಸಿ, ಟ್ರೈಲರಿನ ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಚೌಕವನ್ನು ಗುರುತುಮಾಡಿರಿ. ಅಮೆರಿಕಾದ ನಿಯಮವು ಮೋಟಾರಿನ ಕ್ಯಾಮೆರಾದಿಂದ ನಿರೀಕ್ಷಿಸುವುದು ಸುಮಾರಾಗಿ ಇಷ್ಟೇ ನೆಲವನ್ನು. ಎಳೆಮಗುವಿನ ಎತ್ತರದ ಒಂದು ಬುಟ್ಟಿಯನ್ನೋ ಡಬ್ಬಿಯನ್ನೋ ಆ ಚೌಕದ ನಾಲ್ಕು ಮೂಲೆಗಳಲ್ಲಿಯೂ ಬಂಪರಿನ ಬುಡದಲ್ಲಿಯೂ ಇಟ್ಟು ಕಾಣುವುದೇ ಎಂದು ನೋಡಿರಿ. ತರುವಾಯ ಒಬ್ಬರು ಹಿಂದೆ ನಿಂತು, ಫೋನಿನಲ್ಲಿ "ಈಗ" ಎನ್ನುತ್ತ ಕೈಯೆತ್ತಲಿ, ತಡವು ತಿಳಿಯುವುದು. ಟ್ರಕ್ಕನ್ನು ಓರೆಯಾಗಿ ತಿರುಗಿಸಿ, ಎಂಜಿನನ್ನು ಚಾಲೂಮಾಡಿ ಅದನ್ನೇ ಮತ್ತೆ ನೋಡಿರಿ. ರಾತ್ರಿಯಲ್ಲೊಮ್ಮೆ ನೋಡಿರಿ. ಕಡೆಗೆ, ಕ್ಯಾಮೆರಾದ ವಿದ್ಯುತ್ತನ್ನು ಥಟ್ಟನೆ ಕಿತ್ತುಹಾಕಿರಿ. ತೆರೆಯು ಕೂಡಲೆ ಕಪ್ಪಾಗಿ ಎಚ್ಚರಿಸಿದರೆ ಇಟ್ಟುಕೊಳ್ಳಿರಿ. ಹಳೆಯ ಚಿತ್ರವನ್ನೇ ಹಿಡಿದುಕೊಂಡು ನಿಂತರೆ ಅಂಗಡಿಗೆ ಹಿಂದಿರುಗಿಸಿರಿ. ಹಿಂದಿರುಗಿಸುವ ಅವಕಾಶವುಳ್ಳ ಅಂಗಡಿಯಲ್ಲಿಯೇ ಕೊಳ್ಳಬೇಕೆಂಬುದು ಇದರಿಂದ ತಾನಾಗಿ ಸಿದ್ಧಿಸುವುದು.

ಇಷ್ಟೆಲ್ಲ ಮಾಡಿಯೂ ಹಿಂದೆ ನಿಲ್ಲುವ ಮನುಷ್ಯನನ್ನು ಕೆಲಸದಿಂದ ತೆಗೆಯಕೂಡದು. ಕ್ಯಾಮೆರಾವು ನೆಲವನ್ನು ನೋಡುವುದು. ತಲೆಯ ಮೇಲಣ ಮರದ ಕೊಂಬೆಯನ್ನೂ, ಪಕ್ಕದಿಂದ ಓಡಿಬರುವ ಮಗುವನ್ನೂ ಅದು ಮುಂಚಿತವಾಗಿ ಕಾಣದು. ಹಿಂದೆ ನಿಲ್ಲುವವರು ಗಾಡಿಯ ನೇರಕ್ಕೆ ನಿಲ್ಲದೆ, ಚಾಲಕನ ಬದಿಯ ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ ನಿಲ್ಲಬೇಕು. ಅವರು ಕಣ್ಮರೆಯಾದೊಡನೆ ಗಾಡಿಯು ನಿಲ್ಲಬೇಕು. ಮನೆಯ ಹಿರಿಯರನ್ನು ಈ ಕೆಲಸಕ್ಕೆ ನಿಲ್ಲಿಸುವುದಕ್ಕಿಂತ, ಮಕ್ಕಳನ್ನೆಲ್ಲ ಒಂದೆಡೆ ಕೂಡಿಸಿಕೊಂಡು ಕೈಹಿಡಿದು ಕುಳಿತಿರುವ ಕೆಲಸವನ್ನು ಅವರಿಗೆ ಒಪ್ಪಿಸುವುದು ಮೇಲು. ಮಕ್ಕಳ ಎಣಿಕೆ ಸರಿಯೆಂದು ಅವರು ಹೇಳಿದ ಮೇಲೆಯೇ ಚಕ್ರವು ಉರುಳಲಿ. ಚಾಲಕನು ಚಕ್ರದ ಕೆಳತುದಿಯಲ್ಲಿ ಕೈಯಿಟ್ಟುಕೊಂಡರೆ, ಕೈಯನ್ನು ಯಾವ ಕಡೆಗೆ ಸರಿಸುವನೋ ಟ್ರೈಲರಿನ ಬೆನ್ನೂ ಆ ಕಡೆಗೇ ಸರಿಯುವುದು. ಗಲಿಬಿಲಿಯು ಅರ್ಧ ಕಡಿಮೆಯಾಗುವುದು.

ಆ ದೇಶದ ಲಾರಿ ಚಾಲಕರಲ್ಲಿ ಒಂದು ಚಿಕ್ಕ ಸೂತ್ರವಿದೆ: ಇಳಿ, ನೋಡು. ಸಂದೇಹ ಬಂದಲ್ಲೆಲ್ಲ ಗಾಡಿಯನ್ನು ನಿಲ್ಲಿಸಿ, ಇಳಿದು, ಹಿಂದಕ್ಕೆ ನಡೆದುಹೋಗಿ ಕಣ್ಣಾರೆ ನೋಡಿ ಬರುವುದಕ್ಕೆ ಒಂದು ನಿಮಿಷ ಹಿಡಿಯುವುದು. ಒಳ್ಳೆಯ ಕ್ಯಾಮೆರಾ ಆ ನಿಮಿಷವನ್ನು ಉಳಿಸುವುದಕ್ಕಾಗಿ ಇರುವುದಲ್ಲ. ಆ ನಿಮಿಷವು ಯಾವಾಗ ಬೇಕೆಂಬುದನ್ನು ನಮಗೆ ಸಕಾಲದಲ್ಲಿ ತಿಳಿಸುವುದಕ್ಕಾಗಿ ಇರುವುದು. ಈ ವಿವೇಕವುಳ್ಳ ಗೃಹಸ್ಥರ ಪ್ರಯಾಣವು ಹೋಗುವಾಗಲೂ ಹಿಂದಿರುಗುವಾಗಲೂ ಕ್ಷೇಮಕರವಾಗಿರಲೆಂದು ಹಾರೈಸುತ್ತೇವೆ.