ಪೊರೆ ಬಿಟ್ಟ ಹಾವು, ಮುಚ್ಚಿಟ್ಟ ಆಲ್ಬಂ

ಡೆಫ್‌ಟೋನ್ಸ್ ಹೊಸ ಆಲ್ಬಂ ತಂದಿದ್ದಾರೆ. ಹೆಸರು 'ಪ್ರೈವೇಟ್ ಮ್ಯೂಸಿಕ್'. 2025ರ ಆಗಸ್ಟ್ 22ಕ್ಕೆ ಬಂತು, 11 ಹಾಡು, ಇವರ ಹತ್ತನೇ ಆಲ್ಬಂ. ಮುಖಪುಟದಲ್ಲಿ ಒಂದು ಬಿಳಿ ಹಾವು. ಒಳಗೆ 'ಎಕ್‌ಡಿಸಿಸ್' ಅನ್ನೋ ಹಾಡೂ ಇದೆ. ಪೊರೆ ಬಿಡುವುದು ಅಂತ ಅರ್ಥ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ 1988ರಲ್ಲಿ ಶುರುವಾದ ಬ್ಯಾಂಡಿಗೆ ಈ ಹಾವು ಚೆನ್ನಾಗಿಯೇ ಒಪ್ಪುತ್ತೆ.

ಡಿಗ್ರಿ ಓದ್ತಿರೋ ನನ್ನ ಚಿಕ್ಕಪ್ಪನ ಮಗಳು ರೀಲ್ಸ್‌ನಲ್ಲಿ ಇವರ ಹಾಡು ಕೇಳಿ, "ಅಣ್ಣಾ, ಸಖತ್ತಾಗಿದೆ, ಹೊಸ ಬ್ಯಾಂಡಾ?" ಅಂದಳು. ನೀನು ಹುಟ್ಟೋಕೆ ಮುಂಚೆನೇ ಇವರ 'ವೈಟ್ ಪೋನಿ' ಬಂದಾಗಿತ್ತು ಮಾರಾಯ್ತಿ ಅಂದೆ. ನಂಬಲಿಲ್ಲ. ಆಮೇಲೆ 'ಮೈ ಓನ್ ಸಮರ್' ವಿಡಿಯೋ ತೋರಿಸಿದೆ. 1997ರ ಆಲ್ಬಂನ ಹಾಡು ಅದು. ನಡುನೀರಿನಲ್ಲಿ ತೇಲುವ ಕಬ್ಬಿಣದ ಪಂಜರಗಳು, ಅವುಗಳ ಮೇಲೆ ನಿಂತು ಬಾರಿಸುವ ಹುಡುಗರು, ಕೆಳಗೆ ಸುತ್ತುವ ಶಾರ್ಕ್. ಅವಳು ಶಾರ್ಕ್ ನೋಡ್ತಿದ್ದಳು, ನಾನು ಬೇಸ್ ಗಿಟಾರ್ ಹಿಡಿದವನನ್ನು ನೋಡ್ತಿದ್ದೆ.

ಅವನು ಚಿ ಚೆಂಗ್. ಬೇಸ್ ನುಡಿಸುತ್ತಿದ್ದ, ಚೀನೋ ಮೊರೆನೊ ದನಿಗೆ ಹಿಂದಿನಿಂದ ತನ್ನ ಕೂಗು ಸೇರಿಸುತ್ತಿದ್ದ, ಕವಿತೆಯನ್ನೂ ಬರೆಯುತ್ತಿದ್ದ. 2008ರ ನವೆಂಬರ್‌ನಲ್ಲಿ ಕಾರು ಅಪಘಾತವಾಗಿ ಕೋಮಾಕ್ಕೆ ಹೋದ. ಆಗ ಬ್ಯಾಂಡಿನ ಕೈಯಲ್ಲಿ 'ಈರೋಸ್' ಅನ್ನೋ ಆಲ್ಬಂ ಹೆಚ್ಚುಕಡಿಮೆ ತಯಾರಿತ್ತು. ಚಿ ನುಡಿಸಿದ್ದೂ ಅದರಲ್ಲೇ ಇತ್ತು.

ಮುಗಿಸಿ ಬಿಡುಗಡೆ ಮಾಡಿದ್ದರೆ ಯಾರೂ ತಪ್ಪು ಅಂತಿರಲಿಲ್ಲ. ಅವರು ಮಾಡಲಿಲ್ಲ. 'ಈರೋಸ್' ಎತ್ತಿಟ್ಟರು. ಹಿಂದೊಮ್ಮೆ ಚಿ ಬದಲಿಗೆ ನುಡಿಸಿದ್ದ ಸರ್ಜಿಯೋ ವೇಗಾನನ್ನು ಕರೆದುಕೊಂಡು, ಹೊಸ ಪ್ರೊಡ್ಯೂಸರ್ ನಿಕ್ ರಸ್ಕುಲಿನೆಟ್ಸ್ ಜತೆ ಖಾಲಿ ಹಾಳೆಯಿಂದ ಶುರುಮಾಡಿದರು. 2010ರಲ್ಲಿ 'ಡೈಮಂಡ್ ಐಸ್' ಬಂತು. ಚಿಕಿತ್ಸೆಯ ಖರ್ಚಿಗೆ ಬೇರೆ ಬ್ಯಾಂಡ್‌ನವರನ್ನೂ ಸೇರಿಸಿಕೊಂಡು ಶೋ ಮಾಡಿದರು. ಚಿ ಪೂರ್ತಿ ಎದ್ದು ಬರಲೇ ಇಲ್ಲ. 2013ರ ಏಪ್ರಿಲ್ 13ಕ್ಕೆ ಹೋದ, 42 ವರ್ಷ. ಮರುವರ್ಷ ಅದೇ ದಿನ ಚೀನೋ 'ಈರೋಸ್'ನಿಂದ 'ಸ್ಮೈಲ್' ಅನ್ನೋ ಒಂದೇ ಒಂದು ಹಾಡನ್ನು ಯೂಟ್ಯೂಬ್‌ಗೆ ಹಾಕಿದ. ಸ್ವಲ್ಪ ದಿನದಲ್ಲೇ ಅದೂ ಮಾಯ.

ಫ್ಯಾನ್ಸ್ ಇವತ್ತಿಗೂ ಆ ಆಲ್ಬಂ ಕೊಡಿ ಅಂತ ಕೇಳ್ತಾನೇ ಇರ್ತಾರೆ. ನನಗೂ ಕೇಳೋ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಆದರೂ ಅವರು ಮುಚ್ಚಿಟ್ಟಿದ್ದೇ ಸರಿ ಅನ್ಸುತ್ತೆ. ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಟೀಮಿನ ಒಬ್ಬರು ದಿಢೀರ್ ಅಂತ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಿರಲಿಲ್ಲ, ಅವರು ಅರ್ಧ ಮಾಡಿಟ್ಟ ಪಿಪಿಟಿ ನನ್ನ ಮೇಲ್‌ಗೆ ಬಂತು, "ಹೆಸರು ಬದಲಿಸಿ ಮುಗಿಸಿಬಿಡಿ" ಅನ್ನೋ ಒಂದು ಸಾಲಿನ ಜತೆ. ಏಳನೇ ಸ್ಲೈಡ್‌ನಲ್ಲಿ ಒಂದು ವಾಕ್ಯ ನಡುವೆಯೇ ನಿಂತಿತ್ತು. ಮುಗಿಸಿದೆ, ಸಂಬಳದ ಕೆಲಸ. ಆ ವಾಕ್ಯವನ್ನು ಡಿಲೀಟ್ ಮಾಡಿದಾಗ ಆದ ಸಂಕಟ ಮಾತ್ರ ಇನ್ನೂ ಹೋಗಿಲ್ಲ.

ಹೊಸ ಆಲ್ಬಂಗೂ ಅದೇ ರಸ್ಕುಲಿನೆಟ್ಸ್. ವೇಗಾ ಈಗಿಲ್ಲ, ಬೇಸ್‌ಗೆ ಫ್ರೆಡ್ ಸಬ್ಲಾನ್ ಬಂದಿದ್ದಾನೆ. ಸ್ಟೀಫನ್ ಕಾರ್ಪೆಂಟರ್‌ನ ಗಿಟಾರ್ ಎಂದಿನಂತೆ ನೆಲ ನಡುಗಿಸುತ್ತೆ, ಅದರ ಮೇಲೆ ಚೀನೋ ಪಿಸುಗುಟ್ಟುತ್ತಾ ಬಂದು ಇದ್ದಕ್ಕಿದ್ದಂತೆ ಕಿರುಚುತ್ತಾನೆ. ವಯಸ್ಸು ಐವತ್ತು ದಾಟಿದೆ ಅಂತ ಗೊತ್ತೇ ಆಗಲ್ಲ. ಏಬ್ ಕನಿಂಗ್‌ಹ್ಯಾಮ್ ಡ್ರಮ್ಸ್ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಅಂಕಣವೇ ಬೇಕು. ಎಲ್ಲವೂ ಹೊಸದು ಅಂತ ಹೇಳಲಾರೆ. ಒಂದೆರಡು ಕಡೆ ಹಳೇ ಡೆಫ್‌ಟೋನ್ಸೇ ಅನ್ಸುತ್ತೆ. ನನಗೇನೂ ಬೇಜಾರಿಲ್ಲ.

ಮೊದಲ ಸಲ ಕೇಳೋರು 'ಮೈ ಮೈಂಡ್ ಈಸ್ ಎ ಮೌಂಟನ್'ನಿಂದ ಶುರುಮಾಡಿ, ಆಲ್ಬಂ ತೆರೆಯೋದೂ ಅದರಿಂದಲೇ. ಅಬ್ಬರ ಜಾಸ್ತಿ ಆಯ್ತು ಅನ್ಸಿದ್ರೆ 'ಐ ಥಿಂಕ್ ಅಬೌಟ್ ಯೂ ಆಲ್ ದ ಟೈಮ್'ಗೆ ಹೋಗಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ ಕೇಳಿಸಲ್ಲ.