ವಿಠಲಾಚಾರ್ಯರ ಮಾಯಾಲೋಕ: ಮೆಚ್ಚುವುದೆಷ್ಟು, ಬಿಡುವುದೆಷ್ಟು?

ತೆಲುಗು ಪ್ರೇಕ್ಷಕರು ‘ಜಾನಪದ ಬ್ರಹ್ಮ’ ಎಂದು ಕೊಂಡಾಡುವ ಬಿ. ವಿಠಲಾಚಾರ್ಯರು ನಮ್ಮ ಉಡುಪಿ ಕಡೆಯವರು. ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ಶಂಕರ್ ಸಿಂಗ್ ಅವರ ಜೊತೆಗೂಡಿ ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಮುಂತಾದ ಕನ್ನಡ ಚಿತ್ರಗಳಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಮದ್ರಾಸು ಸೇರಿದರು. ಅಲ್ಲಿಂದ ದಶಕಗಳ ಕಾಲ ಅವರು ತೆಗೆದದ್ದು ಹೆಚ್ಚಾಗಿ ಕತ್ತಿವರಸೆ, ಮಾಟ-ಮಂತ್ರ, ಮಾತನಾಡುವ ಪ್ರಾಣಿಗಳ ಸಿನಿಮಾ. ಹಣ ಕಡಿಮೆ, ಸೆಟ್ಟು ಹಳೆಯದು, ಆದರೂ ಟೆಂಟಿನ ತುಂಬಾ ಜನ. ಈ ಚಿತ್ರಗಳನ್ನು ಮನಸಾರೆ ಪ್ರೀತಿಸುವವರೂ ಇದ್ದಾರೆ, ಕಳಪೆ ಸರಕೆಂದು ಪಕ್ಕಕ್ಕೆ ತಳ್ಳುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ಪ್ರೀತಿಸುವವರ ಮಾತು. 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ದೆವ್ವ ಸೊಸೆಯ ವೇಷದಲ್ಲಿ ಮನೆ ಹೊಕ್ಕು ಅಡುಗೆಗೆ ಕೂರುತ್ತದೆ, ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಚಾಚುತ್ತದೆ. ನೋಡಿದವರು ಇದನ್ನು ಇಂದಿಗೂ ಮರೆತಿಲ್ಲ. ಅರಮನೆ ಬೇಡ, ಸೇನೆ ಬೇಡ. ಒಂದು ಒಲೆ, ಒಂದು ಕಾಲು, ಬೆಂಕಿ ಅಷ್ಟೇ. ದಿನವೂ ಒಲೆಯ ಮುಂದೆ ಕೂರುವ ಹೆಂಗಸರಿಗೆ, ಅಜ್ಜಿಯ ಬಾಯಲ್ಲಿ ದೆವ್ವದ ಕಥೆ ಕೇಳಿ ಬೆಳೆದ ಮಕ್ಕಳಿಗೆ, ಆ ಭಯ ನೇರವಾಗಿ ಅಡುಗೆಮನೆಯಿಂದಲೇ ಎದ್ದು ಬರುತ್ತದೆ. ದುಡ್ಡಿಲ್ಲದಿದ್ದಾಗ ಕಲ್ಪನೆ ಎಲ್ಲಿ ಕೈ ಹಾಕಬೇಕೆಂಬುದು ವಿಠಲಾಚಾರ್ಯರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ತಂತ್ರ. ರಾಜಕುಮಾರ ಕುರಿಯಾಗಬೇಕಾದರೆ ಕ್ಯಾಮೆರಾ ನಿಲ್ಲಿಸಬೇಕು. ಉಳಿದವರೆಲ್ಲ ಇದ್ದ ಭಂಗಿಯಲ್ಲೇ ಕದಲದೆ ನಿಲ್ಲಬೇಕು. ನಟನ ಜಾಗಕ್ಕೆ ಕುರಿಯನ್ನು ತಂದು ಮತ್ತೆ ಕ್ಯಾಮೆರಾ ಓಡಿಸಬೇಕು. ಒಬ್ಬನೇ ಇಬ್ಬರಾಗಿ ಕಾಣಬೇಕಾದರೆ ಲೆನ್ಸಿನ ಅರ್ಧ ಮುಚ್ಚಿ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಅದೇ ಫಿಲ್ಮಿನ ಮೇಲೆ ಚಿತ್ರಿಸಬೇಕು. ಎರಡನೇ ಸಲ ಎಡವಿದರೆ ಮೊದಲನೆಯದೂ ಹಾಳು. ಸಣ್ಣ ಜಿಗಿತ, ಹೊಂದದ ನೆರಳು ತೆರೆಯ ಮೇಲೆ ಕಾಣುತ್ತವೆ, ನಿಜ. ಆದರೆ ಮನುಷ್ಯರ ಕೈಕೆಲಸವೂ ಅಲ್ಲೇ ಕಾಣುತ್ತದೆ. 2009ರಲ್ಲಿ ತಮಿಳಿನಲ್ಲಿ ಗ್ರಾಫಿಕ್ಸ್ ಬಳಸಿ ‘ಜಗನ್ಮೋಹಿನಿ’ಯನ್ನು ಮತ್ತೆ ತೆಗೆದರು, ಹಳೆಯದಕ್ಕಿದ್ದ ಹೆಸರು ಅದಕ್ಕೆ ಬರಲಿಲ್ಲ.

ತಾರೆಯರ ಬಲವಿಲ್ಲದೆ ಸಿನಿಮಾ ನಿಲ್ಲಬಲ್ಲದೆಂದೂ ಇವು ತೋರಿಸಿದವು. ‘ಬಂದಿಪೋಟು’ (1963) ಚಿತ್ರದಲ್ಲಿ ಎನ್.ಟಿ. ರಾಮರಾವ್ ನಾಯಕ, ಆದರೆ ಈ ಲೋಕದ ಮನೆಮಗ ಕಾಂತರಾವ್. ಜನ ಅವರನ್ನು ‘ಕತ್ತಿ ಕಾಂತರಾವ್’ ಎಂದೇ ಕರೆದರು.

ಈಗ ಎದುರು ಪಕ್ಷ. ಒಂದು ಚಿತ್ರ ನೋಡಿದರೆ ಹತ್ತು ನೋಡಿದ ಹಾಗೆ ಎಂಬ ದೂರು ಸುಳ್ಳಲ್ಲ. ದುಷ್ಟ ಮಂತ್ರವಾದಿ, ಅಪಹರಣವಾದ ರಾಜಕುಮಾರಿ, ನಗಿಸುವ ಗೆಳೆಯ, ಕೊನೆಗೆ ದೇವಿಯ ಕೃಪೆ. ಡೇಟ್ಸ್ ಕೊಡದೆ ಸತಾಯಿಸುವ ನಟನ ಪಾತ್ರವನ್ನು ವಿಠಲಾಚಾರ್ಯರು ಗಿಳಿಯನ್ನೋ ಮೇಕೆಯನ್ನೋ ಮಾಡಿ ಚಿತ್ರ ಮುಗಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತ. ಅದನ್ನು ಜಾಣ್ಮೆ ಎಂದು ಹೊಗಳುತ್ತೇವೆ. ಆದರೆ ಕಾಲ್‌ಶೀಟಿಗೆ ತಕ್ಕಂತೆ ಕಥೆಯನ್ನು ಬಾಗಿಸಿದರೆ ಪಾತ್ರ ಬೆಳೆಯುವುದು ಹೇಗೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಹೆಣ್ಣಿನ ಚಿತ್ರಣದ ಬಗೆಗಿನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮೋಹಿನಿಯ ಕಥೆಯೆಂದರೆ ನೃತ್ಯ, ನೃತ್ಯವೆಂದರೆ ಮೈಮೇಲೆ ಹರಿದಾಡುವ ಕ್ಯಾಮೆರಾ. ಮಿಕ್ಕಂತೆ ಹೆಣ್ಣು ಒಂದೋ ಪತಿವ್ರತೆ, ಇಲ್ಲವೇ ಪಿಶಾಚಿ. ಈ ಚಾಳಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ 1980ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ಅಗ್ಗವಾಗಿ ತೆಗೆಸಿದ ‘ಡೆತ್‌ಸ್ಟಾಕರ್’, ‘ಬಾರ್ಬೇರಿಯನ್ ಕ್ವೀನ್’ ಎಂಬ ಇಂಥದೇ ಕತ್ತಿವರಸೆಯ ಚಿತ್ರಗಳಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನೇ ಮನರಂಜನೆಯಾಗಿ ಮಾರಲಾಯಿತು.

ಮೂಢನಂಬಿಕೆಯ ದೂರನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೀದರ, ಕಲಬುರಗಿ ಮತ್ತು ಅವಕ್ಕೆ ಹೊಂದಿಕೊಂಡ ತೆಲಂಗಾಣದ ಹಳ್ಳಿಗಳಲ್ಲಿ ಬಾನಾಮತಿ ಎಂಬ ಮಾಟದ ಭಯ ಬಹುಕಾಲ ಜನರನ್ನು ಕಾಡಿದೆ. ಕರ್ನಾಟಕ 2017ರಲ್ಲಿ ಮಾಟಮಂತ್ರದ ಅಮಾನವೀಯ ಆಚರಣೆಗಳ ವಿರುದ್ಧ ಕಾನೂನನ್ನೇ ತರಬೇಕಾಯಿತು. ಆ ಭಯವನ್ನು ಹುಟ್ಟಿಸಿದ್ದು ಸಿನಿಮಾ ಅಲ್ಲ, ಅದು ಸಿನಿಮಾಕ್ಕಿಂತ ಹಳೆಯದು. ಈ ಚಿತ್ರಗಳ ಮಂತ್ರವಾದಿ ಯಾವುದೋ ದೂರದ ರಾಜ್ಯದವನು, ಕೊನೆಗೆ ಸೋಲುವವನು ಎಂಬ ಸಮರ್ಥನೆಯೂ ಸರಿಯೇ. ಆದರೂ ಮಾಟವನ್ನು ಮುರಿಯಲು ಇನ್ನೊಂದು ಮಂತ್ರ, ಇಲ್ಲವೇ ಪೂಜೆಯೇ ಬೇಕು ಎನ್ನುವ ಕಥೆ, ಪಕ್ಕದ ಮನೆಯವಳನ್ನು ಮಾಟಗಾತಿ ಎನ್ನುವ ಊರಿಗೆ ಬಿಡಿಸಿಕೊಳ್ಳುವ ದಾರಿ ತೋರಿಸುವುದಿಲ್ಲ.

ಹಾಗಾದರೆ ತೂಗುವುದು ಹೇಗೆ? ದುಡ್ಡಿನ ಕೊರತೆಯಿಂದ ಬಂದ ದೋಷ ಯಾವುದು, ದುಡ್ಡಿದ್ದರೂ ಉಳಿಯುತ್ತಿದ್ದ ದೋಷ ಯಾವುದು ಎಂದು ಬೇರೆ ಮಾಡಿ ನೋಡಬೇಕು. ಅಲುಗಾಡುವ ಬಂಡೆ, ಬಣ್ಣ ಬಳಿದ ಪರದೆಯ ಕಾಡು, ಹತ್ತು ಸೈನಿಕರ ಮಹಾಸೇನೆ ಮೊದಲನೆಯ ಬಗೆಯವು. ಅವನ್ನು ಕ್ಷಮಿಸಬೇಕಾದ ಪ್ರಶ್ನೆಯೇ ಇಲ್ಲ, ಸೊಗಸು ಇರುವುದೇ ಅಲ್ಲಿ. ಹೆಣ್ಣನ್ನು ಸರಕಾಗಿಸಿದ್ದು, ಭಯವನ್ನು ಪ್ರಶ್ನಿಸದೆ ಬಿಟ್ಟದ್ದು ಎರಡನೆಯ ಬಗೆಯವು. ಅವನ್ನು ತಿದ್ದಲು ಒಂದು ರೂಪಾಯಿಯೂ ಹೆಚ್ಚು ಬೇಕಿರಲಿಲ್ಲ. ಆದ್ದರಿಂದ ಬಡತನದ ರಿಯಾಯಿತಿ ಅವಕ್ಕೆ ಸಲ್ಲದು.

ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸುವಾಗ ಕುರಿಯಾದ ರಾಜಕುಮಾರನ ಗುಟ್ಟನ್ನೂ ಬಿಡಿಸಿ ಹೇಳೋಣ. ಕ್ಯಾಮೆರಾ ನಿಲ್ಲಿಸಿ ಮಾಡಿದ ಮಾಯೆ ಇದೆಂದು ತಿಳಿದ ಮಗು ಸಿನಿಮಾದ ಮೇಲಿನ ಬೆರಗನ್ನು ಕಳೆದುಕೊಳ್ಳುವುದಿಲ್ಲ. ಮಾಟದ ಮೇಲಿನ ಭಯವನ್ನು ಕಳೆದುಕೊಳ್ಳಬಹುದು.